ಕುಬ್ರಾಬಿಯ ಅಂಗೈ

ಗಂಗಾನಗರದ ಕುಬ್ರಾಬಿಗೆ ಮಾತೇ ಬರುವುದಿಲ್ಲ ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ಶುದ್ಧ ಸುಳ್ಳು. ಅವಳು ಬೇಕಾದಷ್ಟು ಮಾತಾಡುತ್ತಿದ್ದಳು. ಕೇಳುವವರು ಅವಳ ಮುಖವನ್ನೇ ನೋಡುತ್ತ ನಿಂತಿರಬಾರದು, ಅಷ್ಟೇ. ಒಲೆಯ ಕಡೆ ತಿರುಗಿ ರೊಟ್ಟಿ ಬೇಯಿಸುವಾಗ, ಬಟ್ಟೆ ಹಿಂಡುವಾಗ, ಮೊರದಲ್ಲಿ ಅಕ್ಕಿ ಕೇರುವಾಗ ಅವಳ ಬಾಯಿಂದ ಬರುತ್ತಿದ್ದ ಮಾತಿಗೆ ಗಂಡ ಮುಜಫ್ಫರ್ ಬಿದ್ದು ಬಿದ್ದು ನಗುತ್ತಿದ್ದ. ಅದೇ ಯಾರಾದರೂ ಎದುರಿಗೆ ನಿಂತು, ಮುಖ ನೋಡಿ, "ಏನಮ್ಮಾ, ಹೇಳು" ಎಂದರೋ, ಮುಗಿಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಹೀಗೆಯೇ ಎಲ್ಲರೆದುರು ನಿಲ್ಲಿಸಿ ಮಗ್ಗಿ ಕೇಳಿದ್ದರು. ಹುಡುಗಿಗೆ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ. ಆದರೆ ಬಾಯಿಯೇ ತೆರೆಯಲಿಲ್ಲ. ಮೇಷ್ಟ್ರು ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ದಡ್ಡಿ' ಎಂದು ಬರೆದರು, ಅಲ್ಲಿಗೆ ಅವಳ ಸ್ಕೂಲು ಬಿಟ್ಟುಹೋಯಿತು. ಬಾಯಿ ಜೋರಾಗಿದ್ದವರ ತಲೆಯೂ ಜೋರಾಗಿರುತ್ತದೆ ಎಂದು ನಂಬುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ, ಸ್ಕೂಲುಗಳಲ್ಲಿ ತುಸು ಹೆಚ್ಚಾಗಿಯೇ ಇರುತ್ತಾರೆ.

ಅವಳ ಅಪ್ಪ ರಹಮತುಲ್ಲಾ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಲಾಯಿ ಹೊಟ್ಟೆಪಾಡಿಗೆ, ಪ್ರಾಣ ಇದ್ದದ್ದು ಪಾರಿವಾಳಗಳಲ್ಲಿ. ತಾರಸಿಯ ಮೇಲೆ ಬಿದಿರು ತಟ್ಟಿಯ ಗೂಡುಗಳು, ನಲವತ್ತು ಹಕ್ಕಿ. ಭಾನುವಾರ ಬಂದರೆ ಸುತ್ತಮುತ್ತಲ ಪಾರಿವಾಳದ ಮನೆಗಳ ನಡುವೆ ಪಂದ್ಯ. ಯಾರ ಹಕ್ಕಿಗಳು ಹೆಚ್ಚು ಹೊತ್ತು ಆಕಾಶದಲ್ಲಿದ್ದು, ಬೇರೆಯವರ ಸಿಳ್ಳೆಗೆ ಮರುಳಾಗದೆ ತಮ್ಮ ತಾರಸಿಗೇ ಇಳಿಯುತ್ತವೋ ಅವರು ಗೆದ್ದರು. ಪಂದ್ಯದ ದಿನ ಬೆಳಗ್ಗೆ ಹಕ್ಕಿಗಳಿಗೆ ಮೇವಿಲ್ಲ. ಹಸಿದ ಹಕ್ಕಿ ಹಗುರವಾಗಿ ಹಾರುತ್ತದೆ, ಹಸಿವಿಗೇ ಮನೆಗೂ ಬರುತ್ತದೆ. ಆದರೆ ಪುಕ್ಕಲು ಹಕ್ಕಿಗಳ ವಿಷಯ ಬೇರೆ. ಹೊಟ್ಟೆ ಖಾಲಿಯಿದ್ದರೆ ಅವು ಗಾಬರಿಬಿದ್ದು, ಯಾರು ಕಾಳಿನ ಡಬ್ಬ ಅಲ್ಲಾಡಿಸಿದರೋ ಅವರ ತಾರಸಿಗೆ ಇಳಿದುಬಿಡುತ್ತಿದ್ದವು. ಅದಕ್ಕೇ ಆ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಹಾರಿಸುವ ಮುಂಚೆ ಪುಕ್ಕಲು ಹಕ್ಕಿಗೆ ಅಂಗೈಯಲ್ಲಿ ಒಂದು ಹಿಡಿ ಜೋಳ. ಅದನ್ನು ಯಾರೂ ಮೇವು ಎಂದು ಎಣಿಸುತ್ತಿರಲಿಲ್ಲ, ಎದುರು ಪಕ್ಷದವರೂ ತಕರಾರು ತೆಗೆಯುತ್ತಿರಲಿಲ್ಲ. "ಅದು ಹೊಟ್ಟೆಗಲ್ಲ ಬೇಟಿ, ಎದೆಗೆ" ಎನ್ನುತ್ತಿದ್ದರು ರಹಮತುಲ್ಲಾ.

ಹಾರಿಸುವುದು ಗಂಡಸರ ಕೆಲಸ. ಹೆಸರು ಬರುವುದೂ ಅವರಿಗೇ. ಈ ಹಿಡಿ ಜೋಳದ ಕೆಲಸ ಮಾತ್ರ ಏಳನೇ ವಯಸ್ಸಿನಿಂದ ಕುಬ್ರಾಳ ಪಾಲಿಗೆ ಬಂತು. ಪುಕ್ಕಲು ಹಕ್ಕಿ ತನ್ನನ್ನು ನೋಡುವವರ ಕೈಗೆ ಬರುವುದಿಲ್ಲ. ಹಾಗಾಗಿ ಅವಳು ಗೂಡಿಗೆ ಬೆನ್ನು ಹಾಕಿ ಕೂತು, ಅಂಗೈಯನ್ನು ಹಿಂದಕ್ಕೆ ಚಾಚಿ, ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಹದಿಮೂರರ ಮಗ್ಗಿ ಮುಗಿಯುವುದರೊಳಗೆ ಅಂಗೈಯನ್ನು ಕೊಕ್ಕು ಕುಟ್ಟುತ್ತಿತ್ತು. ಆ ಕಚಗುಳಿಗಿಂತ ದೊಡ್ಡ ಸುಖ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ತೀರಿಹೋದರು, ಪಾರಿವಾಳಗಳು ಅವರಿವರ ಮನೆ ಸೇರಿದವು, ಅವಳಿಗೆ ಮದುವೆಯಾಯಿತು. ಮುಜಫ್ಫರ್ ಯಶವಂತಪುರದಲ್ಲಿ ಲಾರಿಗಳಿಗೆ ಮೂಟೆ ಹೊರುತ್ತಿದ್ದ. ಒಂದು ದಿನ ಮೂಟೆ ಜಾರಿ ಸೊಂಟದ ಮೇಲೆ ಬಿತ್ತು. ಅಲ್ಲಿಂದಾಚೆ ವಾರದಲ್ಲಿ ಮೂರು ದಿನ ಕೆಲಸ, ನಾಲ್ಕು ದಿನ ಚಾಪೆ. ಎಪ್ಪತ್ತಾರನೇ ಇಸವಿಯಲ್ಲಿ ಕುಬ್ರಾಬಿ ಹೆಬ್ಬಾಳದ ಕೆರೆಯಾಚೆಗಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಹಕ್ಕಿ ಶೆಡ್ಡು ಗುಡಿಸುವ ದಿನಗೂಲಿಗೆ ಸೇರಿದಳು. ಬೆಳೆಗೆ ಬೀಳುವ ಹಕ್ಕಿಗಳ ಗುಣ ತಿಳಿಯುವುದು ಆ ಕೇಂದ್ರದ ಕೆಲಸ. ಅವಳನ್ನು ಅಲ್ಲಿಗೆ ಸೇರಿಸಿದವನು ವಾಚ್‌ಮನ್ ಮುನಿಶಾಮಿ, ತಣಿಸಂದ್ರದವನು. "ಬಾಯಿಲ್ಲ ಸಾರ್, ಆದ್ರೆ ಕೈಯಿ ಐತೆ" ಎಂದು ಆಫೀಸಿನಲ್ಲಿ ಶಿಫಾರಸು ಮಾಡಿದ್ದ.

ಮೂರು ವರ್ಷದ ಮೇಲೆ ಆ ಶೆಡ್ಡಿಗೆ ಡಾಕ್ಟರ್ ವೀರಬಸಪ್ಪ ಬಂದರು. ರೋಣದ ಕಡೆಯವರು, ಬಿಳಿ ಕೋಟು, ಕುತ್ತಿಗೆಗೆ ನೇತುಬಿಟ್ಟ ಸ್ಟಾಪ್‌ವಾಚು, ಮನೆಗೆ ಬೆಂಕಿ ಬಿದ್ದವರ ಹಾಗೆ ಸದಾ ಅವಸರ. ಮನುಷ್ಯ ಒಳ್ಳೆಯವರೇ. ಕಾಯುವುದೊಂದನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ. ಇಪ್ಪತ್ತೆಂಟು ಗೊರವಂಕಗಳನ್ನು ತರಿಸಿ, ಕಾಲಿಗೆ ನಂಬರಿನ ಬಳೆ ಹಾಕಿಸಿದರು. ಹಕ್ಕಿಯ ಸ್ವಭಾವಕ್ಕೂ ಅದರ ಬುದ್ಧಿಗೂ ಸಂಬಂಧ ಉಂಟೇ ಎಂಬುದು ಅವರ ಪ್ರಶ್ನೆ.

ಮೊದಲು ಸ್ವಭಾವದ ಪರೀಕ್ಷೆ. ಮೇವಿನ ತಟ್ಟೆಯ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಮಗ್ ಇಟ್ಟರು. ಹಕ್ಕಿಗಳು ಹಿಂದೆಂದೂ ಕಾಣದ ವಸ್ತು. ಹದಿಮೂರು ಹಕ್ಕಿ ಒಂದೆರಡು ನಿಮಿಷದಲ್ಲೇ ಮಗ್ಗಿನ ಮೇಲೆ ಕೂತು ಮೇಯತೊಡಗಿದವು. ಉಳಿದ ಹದಿನೈದು ಮೂಲೆ ಹಿಡಿದವು. ಹೀಗೆ ಧೈರ್ಯದವು, ಅಂಜುಬುರುಕ ಎಂದು ಎರಡು ಪಟ್ಟಿಯಾಯಿತು. ಆಮೇಲೆ ಬುದ್ಧಿಯ ಪರೀಕ್ಷೆ. ಬೆಂಕಿಪೊಟ್ಟಣದಂತೆ ಎಳೆದರೆ ಹೊರಬರುವ ಖಾನೆಯಿರುವ ಮರದ ಡಬ್ಬ. ಖಾನೆಯೊಳಗೆ ಬೇಯಿಸಿದ ಮೊಟ್ಟೆಯ ಚೂರು, ಮೇಲೆ ಗಾಜು. ಮೊಟ್ಟೆ ಕಾಣುತ್ತದೆ, ಸಿಗುವುದಿಲ್ಲ. ಪಕ್ಕದಲ್ಲಿರುವ ದಾರ ಎಳೆದರೆ ಖಾನೆ ಹೊರಬರುತ್ತದೆ. ದಿನಕ್ಕೆ ಕೆಲವು ಹಕ್ಕಿಗಳ ಸರದಿ, ಒಂದೊಂದಕ್ಕೂ ಹತ್ತು ನಿಮಿಷ.

"ಪರೀಕ್ಷಾ ಮುಗಿಯೂತನಕ ತಟ್ಟಿಗೆ ಕಾಳು ಹಾಕಬ್ಯಾಡ್ರಿ ಕುಬ್ರಾಬಿ. ಹೊಟ್ಟಿ ಹಸಿದ್ರನ ಅವು ತಲಿ ಓಡಸ್ತಾವು" ಎಂದು ವೀರಬಸಪ್ಪ ಹೇಳಿದರು.

ಕುಬ್ರಾಬಿ ತಲೆಯಾಡಿಸಿದಳು. ಹೇಳಿದಂತೆ ನಡೆದಳು ಕೂಡ. ಪ್ರತಿ ಸಂಜೆ ತಟ್ಟೆಗಳನ್ನು ತೊಳೆದು ಬೋರಲು ಹಾಕಿದರೆ ಮರುದಿನ ಪರೀಕ್ಷೆ ಮುಗಿದು ಒಂಬತ್ತಾಗುವ ತನಕ ಒಂದು ಕಾಳೂ ಬೀಳುತ್ತಿರಲಿಲ್ಲ. ಆದರೆ ಬೆಳಗ್ಗೆ ಏಳಕ್ಕೆ, ಸಾರ್ ಬರುವ ಮುಂಚೆ, ಅವಳು ಅಂಜುಬುರುಕ ಹಕ್ಕಿಗಳ ಗೂಡಿನೊಳಗೆ ಹೋಗಿ, ಅವಕ್ಕೆ ಬೆನ್ನು ಹಾಕಿ ಕೂತು, ಬಾಳೆಹಣ್ಣು ಕಿವುಚಿದ ಅನ್ನವನ್ನು ಅಂಗೈಯಲ್ಲಿ ಹಿಂದಕ್ಕೆ ಚಾಚುತ್ತಿದ್ದಳು. ಪರೀಕ್ಷೆಗೆ ಹೋಗುವ ಪುಕ್ಕಲುಗಳಿಗೆ ಎದೆಗಿಷ್ಟು ಬೇಡವೇ? ಅದು ಮೇವು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕದ್ದು ಮಾಡಿದ್ದೂ ಅಲ್ಲ. ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ತಾನಾಗಿ ಹೇಳಿದ್ದು ಯಾವಾಗ?

ಆ ಹದಿನೈದು ಹಕ್ಕಿಗಳಲ್ಲಿ ಹದಿನಾಲ್ಕನೇ ನಂಬರಿನದು ಅವಳ ಕಣ್ಣಿಗೆ ಬಿದ್ದಿತ್ತು. ಜನ ಕಂಡರೆ ಅದು ಹುಲ್ಲಿನೊಳಗೆ ತಲೆ ತೂರಿಸುತ್ತಿತ್ತು. ಒಂದು ಬೆಳಗ್ಗೆ ಅವಳು ಬೆನ್ನು ಹಾಕಿ ಕೂತಿದ್ದಾಗ ಹಿಂದೆ ಟಿಕ್ ಎಂದು ಸದ್ದಾಯಿತು. ತಿರುಗದೆ, ಮುಂದಿದ್ದ ನೀರಿನ ಬಕೆಟ್ಟಿನಲ್ಲಿ ಕಂಡ ಪ್ರತಿಬಿಂಬ ನೋಡಿದಳು. ಗೂಡಿನ ಬಾಗಿಲಿಗೆ ಸಿಕ್ಕಿಸಿದ್ದ ತಂತಿಯ ಕೊಕ್ಕೆಯನ್ನು ಹದಿನಾಲ್ಕು ಕೊಕ್ಕಿನಿಂದ ಎತ್ತಿ, ಬಿಡಿಸಿ, ಬಾಗಿಲು ಅಲ್ಲಾಡಿದ್ದು ನೋಡಿ, ತಾನೇ ಹೆದರಿ ಮೂಲೆಗೆ ಓಡಿತು. ಕುಬ್ರಾಬಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಆ ಬಾಗಿಲಿಗೆ ಹಗ್ಗ ಸುತ್ತಿ ಗಂಟು ಹಾಕತೊಡಗಿದಳು.

ಹತ್ತು ತಿಂಗಳು ಕಳೆಯಿತು. ಧೈರ್ಯದ ಹದಿಮೂರರಲ್ಲಿ ಹನ್ನೆರಡು ಹಕ್ಕಿ ಡಬ್ಬದಿಂದ ಮೊಟ್ಟೆ ತೆಗೆದವು. ಅಂಜುಬುರುಕ ಹದಿನೈದರಲ್ಲಿ ತೆಗೆದದ್ದು ಎರಡೇ. ವೀರಬಸಪ್ಪನವರ ಸಂತೋಷ ಹೇಳತೀರದು. ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಪುಣೆಯ ವಿಜ್ಞಾನಿಗಳ ಸಭೆಯಲ್ಲಿ ಇದನ್ನು ಓದುವುದೆಂದು ಗೊತ್ತಾಯಿತು. ಆಮೇಲೆ ಅಚ್ಚಾಗುತ್ತದೆ.

"ಏನು ತಿಳೀತ ನೋಡ್ರಿ ಮುನಿಶಾಮಿ" ಎಂದು ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದರು. "ಅಂಜುಬುರುಕ ಹಕ್ಕಿಗೆ ಧೈರ್ಯ ಅಷ್ಟ ಅಲ್ಲ, ಬುದ್ಧೀನೂ ಕಡಿಮಿ. ಬರದಬಿಟ್ಟೀನಿ."

ಒಳಗೆ ಕಸ ಎತ್ತುತ್ತಿದ್ದ ಕುಬ್ರಾಬಿಯ ಕೈ ನಿಂತಿತು. ಯಾರೋ ತನ್ನನ್ನೇ ಬೈದ ಹಾಗಾಯಿತು.

ಅದೇ ವಾರ ಅವರು ಅವಳಿಗೂ ಒಂದು ಸಿಹಿಸುದ್ದಿ ತಂದಿದ್ದರು. ದಿನಗೂಲಿಯವರಲ್ಲಿ ಒಬ್ಬರನ್ನು ಖಾಯಂ ಮಾಡುತ್ತಾರಂತೆ. ಶೆಡ್ಡಿನ ಕೆಲಸಕ್ಕೆ ಅವರು ಅವಳ ಹೆಸರನ್ನೇ ಬರೆದು ಕಳಿಸಿದ್ದಾರೆ. ಖಾಯಂ ಆದರೆ ಮುಜಫ್ಫರ್ ಇನ್ನು ಮೂಟೆಗೆ ಹೆಗಲು ಕೊಡಬೇಕಾಗಿಲ್ಲ. ಸುದ್ದಿ ಕೇಳಿದ ದಿನ ಅವನು ಚಾಪೆಯ ಮೇಲೆ ಎದ್ದು ಕೂತು, ಬಹಳ ದಿನದ ಮೇಲೆ, ತಾನೇ ಟೀ ಕಾಸಿ ಹೆಂಡತಿಗೆ ಕೊಟ್ಟ.

ಅಷ್ಟರಲ್ಲಿ ಮಾಕಳಿಯಲ್ಲಿ ಅವಳ ತಂಗಿ ಮಲ್ಕಾಳ ಮದುವೆ ಬಂತು. ಕುಬ್ರಾಬಿ ಮೂರು ದಿನ ರಜೆ ಹಾಕಿದಳು. ಶೆಡ್ಡಿನ ಕೆಲಸ ಮುನಿಶಾಮಿ ನೋಡಿಕೊಂಡ. ತಿರುಗಿ ಬಂದ ದಿನ ಅವನು ಬಾಗಿಲಲ್ಲೇ ಸುದ್ದಿ ಹೇಳಿದ.

"ನೀನಿಲ್ದಾಗ ತಮಾಸೆ ಆಯ್ತು ಕಣಮ್ಮೋ. ಆ ಅದ್ನಾಲ್ಕು ಐತಲ್ಲ, ಮೂರ್‍ನೇ ದಿನ ಸರ್‍ರಂತ ಬಂದು ದಾರ ಎಳ್ದು ಮೊಟ್ಟೆ ತಿಂದೇಬುಡ್ತು! ಒಂಬತ್ತೂ ತಿಂತು, ಇಪ್ಪತ್ತೊಂದೂ ತಿಂತು. ಸಾರು ಬೆರಗಾಗೋದ್ರು. ಏನೋ ಅಕಸ್ಮಾತ್ ಅಂತ ಕೆಂಪು ಪೆನ್ಸಿಲ್ನಾಗೆ ಸುತ್ತು ಆಕವ್ರೆ."

"ನೀನು ಏನ್ ಮಾಡ್ದೆ ಮುನಿಶಾಮಣ್ಣ?" ಎಂದು ಅವಳು ಪೊರಕೆಯ ಕಡೆ ನೋಡುತ್ತ ಕೇಳಿದಳು.

"ನಾನೇನ್ ಮಾಡ್ಲಿ? ಗುಡಿಸ್ದೆ, ನೀರಿಕ್ದೆ, ಒಂಬತ್ ಗಂಟೆಗೆ ಕಾಳಾಕ್ದೆ. ನಿನ್ನಂಗೆ ಅಂಗೈನಾಗೆ ತುತ್ತಿಕ್ಕಿ ಮುದ್ದು ಮಾಡಾಕೆ ನಂಗೆಲ್ ಬರ್ತೈತೆ?"

ಪೊರಕೆ ಕೈಯಲ್ಲೇ ಉಳಿಯಿತು. ಕುಬ್ರಾಬಿ ಗೂಡಿನ ಮುಂದೆ ನೆಲಕ್ಕೆ ಕೂತುಬಿಟ್ಟಳು. ಬಿಡಿಸಿ ಹೇಳುವವರು ಬೇಕಾಗಲಿಲ್ಲ. ಹೊಟ್ಟೆ ತುಂಬಿದ ಹಕ್ಕಿ, ಸ್ಟಾಪ್‌ವಾಚು ಹಿಡಿದು ಎದುರಿಗೆ ನಿಂತ ಮನುಷ್ಯನನ್ನು ದಾಟಿ ಡಬ್ಬದ ಹತ್ತಿರ ಯಾಕಾದರೂ ಹೋಗಬೇಕು? ಹದಿನೈದು ಹಕ್ಕಿಗಳಿಗೆ ಹತ್ತು ತಿಂಗಳು ತಾನೇ ತಿನ್ನಿಸಿ, ತಾನೇ ದಡ್ಡರ ಪಟ್ಟಿಗೆ ಸೇರಿಸಿದ್ದಳು.

ಹೇಳಿದರೆ ಖಾಯಂ ಮಾತು ಮುಗಿದ ಹಾಗೆ, ಇರುವ ಕೂಲಿಯೂ ಹೋಗಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊರವಂಕಗಳೇನು ಪುಣೆಗೆ ಹೋಗಿ ಸಾಕ್ಷಿ ಹೇಳುತ್ತವೆಯೇ? ಆದರೆ ಬರೆದ ಮಾತು ಏನು ಮಾಡುತ್ತದೆ ಎಂದು ಅವಳಷ್ಟು ಚೆನ್ನಾಗಿ ಆ ಕೇಂದ್ರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ಬರೆದ ಎರಡು ಅಕ್ಷರ ಮೂವತ್ತು ವರ್ಷವಾದರೂ ಅವಳ ಬೆನ್ನು ಬಿಟ್ಟಿರಲಿಲ್ಲ. ಮನೆಗೆ ಹೋಗಿ ಒಲೆಯ ಕಡೆ ತಿರುಗಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ಮುಜಫ್ಫರ್ "ಹೇಳ್ಬಿಡು. ನನ್ ಸೊಂಟ ನಾನ್ ನೋಡ್ಕೋತೀನಿ" ಎಂದ.

ಹೇಳುವುದೇನು ಸುಲಭವೇ? ಗುರುವಾರ ಆಫೀಸಿನ ಬಾಗಿಲ ತನಕ ಹೋಗಿ ಬಂದಳು. ಶುಕ್ರವಾರ ಒಳಗೇ ಹೋದಳು. ಸಾರ್ ತಲೆಯೆತ್ತಿ "ಏನ್ರಿ?" ಎಂದರು. ಅವಳು ಮೇಜಿನ ಮೇಲಿದ್ದ ಖಾಲಿ ಲೋಟ ತೆಗೆದುಕೊಂಡು ಹೊರಗೆ ಬಂದಳು. ಶನಿವಾರ ಗೂಡಿನೊಳಗೆ ಕೂತು ಬೂದಿ ಹಾಕಿ ನೀರಿನ ತೊಟ್ಟಿ ಉಜ್ಜುತ್ತಿದ್ದಾಗ ಹಿಂದಿನಿಂದ ವೀರಬಸಪ್ಪನವರ ಬೂಟಿನ ಸದ್ದು ಬಂತು. ಸೋಮವಾರ ಸಂಜೆ ಅವರ ರೈಲು.

"ಮುನಿಶಾಮಿ ಒಂಬತ್ತನೇ ನಂಬರಿನ ತೂಕಾ ಎಲ್ಲಿ ಬರದಿಟ್ಟಾನ್ರಿ ಕುಬ್ರಾಬಿ?" ಎಂದರು ಅವರು.

ಅವಳು ತಿರುಗಲಿಲ್ಲ. ತೊಟ್ಟಿಯನ್ನೇ ಉಜ್ಜುತ್ತ ಹೇಳಿದಳು. "ಸಾರ್, ಬೆಳಿಗ್ಗೆ ಏಳು ಗಂಟೆಗೆ ನಾನು ಈ ಹದಿನೈದು ಹಕ್ಕಿಗೂ ಅಂಗೈಯಲ್ಲಿ ತಿನ್ನಿಸ್ತಿದ್ದೆ. ದಿನಾ. ಅನ್ನ, ಬಾಳೆಹಣ್ಣು. ಅದು ಮೇವು ಅಂತ ನಂಗೆ ಅನ್ನಿಸ್ಲೇ ಇಲ್ಲ. ಮದುವೆಗೆ ಹೋದಾಗ ತಿನ್ನಿಸ್ಲಿಲ್ಲ, ಅದಕ್ಕೇ ಅವು ದಾರ ಎಳೆದಿದ್ದು. ಅಕಸ್ಮಾತ್ ಅಲ್ಲ ಸಾರ್. ಅವು ದಡ್ಡ ಅಲ್ಲ. ತಪ್ಪು ನಂದು."

ಒಂದು ಉಸಿರಿನಲ್ಲಿ ಅಷ್ಟನ್ನೂ ಹೇಳಿ ಮುಗಿಸಿದಳು. ಹಿಂದಿನಿಂದ ಕೂಗು ಬಂತು.

"ಹತ್ತ ತಿಂಗಳಾ! ಹತ್ತ ತಿಂಗಳಾ ಮಣ್ಣಪಾಲ ಮಾಡಿದ್ರೆಲ್ರಿ! ನನ್ನ ಮಾನ ಏನಾಗಬೇಕ್ರಿ ಅಲ್ಲಿ?" ಸ್ಟಾಪ್‌ವಾಚು ನೆಲಕ್ಕೆ ಬಿದ್ದ ಸದ್ದು, ತಗಡಿನ ಬಾಗಿಲು ಬಡಿದ ಸದ್ದು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಚಾವಣಿಗೆ ಬಡಿದವು. ಕುಬ್ರಾಬಿ ಅಳುತ್ತಲೇ ತೊಟ್ಟಿಯನ್ನು ಉಜ್ಜಿ, ತೊಳೆದು, ನೀರು ತುಂಬಿಸಿದಳು.

"ಯಾಕಮ್ಮಾ ಬಾಯ್ ಬುಟ್ಟೆ?" ಎಂದು ಮುನಿಶಾಮಿ ಹಣೆ ಚಚ್ಚಿಕೊಂಡ. "ಮೂರ್ನಾಕ್ ವರ್ಸಕ್ಕೆ ಒಂದ್ ಕಿತ ಮಾತಾಡ್ತೀಯ, ಅದ್ರಾಗೂ ಇಂಗೆ ಮಾಡ್ಕೊಂತೀಯಲ್ಲ!"

ಸೋಮವಾರ ಸಾರ್ ಕಾಣಲಿಲ್ಲ. ಪುಣೆಗೆ ಹೋದರು ಎಂದುಕೊಂಡಳು. ಮಂಗಳವಾರ ಏಳಕ್ಕೆ ಬಂದು ನೋಡಿದರೆ ಶೆಡ್ಡಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ವೀರಬಸಪ್ಪ ಕೂತಿದ್ದರು. ಎರಡು ದಿನದ ಗಡ್ಡ. ಪುಣೆಗೆ ತಂತಿ ಕೊಟ್ಟು ತಮ್ಮ ಹೆಸರು ತೆಗೆಸಿದ್ದರು.

"ಸುಳ್ಳ ಓದಿ ಬರೂದಕ್ಕಿಂತ ಓದದನ ಇರೂದು ಬೇಷಿ" ಎಂದರು. ಆಮೇಲೆ ನೆಲ ನೋಡುತ್ತ, "ನನ್ನ ತಪ್ಪ ನನಗ ತೋರಿಸಿದವರು ನೀವೊಬ್ಬರ. ಹಕ್ಕಿ ಬಗ್ಗೆ ಇನ್ನೂ ಏನೇನ್ ಗೊತ್ತೈತ್ರಿ ನಿಮಗ?" ಎಂದು ಮುಖವೆತ್ತಿ ಅವಳನ್ನೇ ನೋಡಿದರು.

ಅವಳ ಬಾಯಿ ಮುಚ್ಚಿಕೊಂಡಿತು. ಅವರು ಕಾದರು. ಅವಸರದ ಮನುಷ್ಯ ಪೂರಾ ಒಂದು ನಿಮಿಷ ಕಾದರು. ಅವಳು ಪೊರಕೆ ಎತ್ತಿಕೊಂಡು, ಗೋಡೆಯ ಕಡೆ ತಿರುಗಿ, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತ ಒಂದು ಗಂಟೆ ಮಾತಾಡಿದಳು. ಅಪ್ಪನ ತಾರಸಿಯಿಂದ ಹಿಡಿದು ಹದಿನಾಲ್ಕನೇ ನಂಬರಿನ ತಂತಿ ಕೊಕ್ಕೆಯ ತನಕ. ಪುಕ್ಕಲು ಹಕ್ಕಿ ಜನ ನೋಡುತ್ತಿದ್ದರೆ ತಲೆ ಓಡಿಸುವುದಿಲ್ಲ. ಬಿಳಿ ಕೋಟು ಕಂಡರೆ ಅದಕ್ಕೆ ಆಗುವುದಿಲ್ಲ. ಹತ್ತು ನಿಮಿಷ ಅದಕ್ಕೆ ಹೆದರುವುದಕ್ಕೇ ಸಾಲದು. ವೀರಬಸಪ್ಪ ಬರೆದುಕೊಳ್ಳುತ್ತ ಹೋದರು. ಬರೆಯುತ್ತ ಬರೆಯುತ್ತ ಅವರ ಬೆನ್ನು ನೆಟ್ಟಗಾಯಿತು.

ಮತ್ತೆ ಮೊದಲಿನಿಂದ ಶುರುವಾಯಿತು. ಕೋಟು ಗೂಟ ಸೇರಿತು. ಗೂಡಿನ ಮುಂದೆ ಗೋಣಿತಾಟಿನ ಪರದೆ ಬಂತು. ಅದರಲ್ಲಿ ಒಂದು ಕಣ್ಣಿಗಾಗುವಷ್ಟು ತೂತು. ಒಂದೊಂದು ಹಕ್ಕಿಗೂ ನಲವತ್ತು ನಿಮಿಷ. ಸಾರ್ ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತರು. ಕುಬ್ರಾಬಿಯ ಪಾಲಿನ ಕಷ್ಟ ಬೇರೆ. ಬೆಳಗ್ಗೆ ಏಳಕ್ಕೆ ಹದಿನೈದು ಹಕ್ಕಿ ಸಾಲಾಗಿ ಬಂದು ಅವಳ ಬೆನ್ನ ಹಿಂದೆ ಕಾಯುತ್ತಿದ್ದವು. ಮೊದಲ ವಾರ ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಕಣ್ಣೀರು ಹಾಕಿದಳು.

ಆ ವರ್ಷ ತಿಳಿದದ್ದು ಇಷ್ಟು. ಅಂಜುಬುರುಕ ಹಕ್ಕಿ ಡಬ್ಬದ ಹತ್ತಿರ ಬರಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ನಿಜ. ಆದರೆ ಒಮ್ಮೆ ಬಂದ ಮೇಲೆ ದಾರ ಎಳೆಯಲು ಧೈರ್ಯದ ಹಕ್ಕಿಗಿಂತ ಹೆಚ್ಚು ಹೊತ್ತು ಬೇಕಿಲ್ಲ. ಹದಿನೈದರಲ್ಲಿ ಹನ್ನೊಂದು ಹಕ್ಕಿ ಮೊಟ್ಟೆ ತಿಂದವು. ಆಮೇಲೆ ಸಾರ್ ಒಂದು ಕುಚೋದ್ಯ ಮಾಡಿದರು. ಹಳೆಯ ದಾರವನ್ನು ಸುಮ್ಮನೆ ಅಂಟಿಸಿಟ್ಟು, ಖಾನೆಗೆ ಆಚೆ ಬದಿಯಿಂದ ಹೊಸ ದಾರ ಕಟ್ಟಿದರು. ಧೈರ್ಯದವರಲ್ಲಿ ಮುಂದಾಳಾದ ಮೂರನೇ ನಂಬರು ಬಂದದ್ದೇ ಹಳೆಯ ದಾರ ಜಗ್ಗಿತು, ಮತ್ತೆ ಜಗ್ಗಿತು, ನಲವತ್ತು ಸಲ ಜಗ್ಗಿತು, ಕೊನೆಗೆ ಡಬ್ಬಕ್ಕೇ ಕುಟ್ಟಿ ಜಗಳ ತೆಗೆಯಿತು. ಅದರ ಜೊತೆಯವರಲ್ಲಿ ಐದಾರು ಹಕ್ಕಿ ಮಾತ್ರ ಬೇಗ ಹೊಸ ದಾರಕ್ಕೆ ಹೊರಳಿದವು. ಹದಿನಾಲ್ಕು ಡಬ್ಬದ ಸುತ್ತ ಎರಡು ಸಲ ನಡೆಯಿತು, ಕತ್ತು ಓರೆ ಮಾಡಿ ನೋಡಿತು, ಆಚೆ ಬದಿಗೆ ಹೋಗಿ ಹೊಸ ದಾರ ಎಳೆಯಿತು. ಪರದೆಯ ಹಿಂದೆ ವೀರಬಸಪ್ಪ ಸದ್ದಾಗದಂತೆ ತಮ್ಮ ತೊಡೆಯನ್ನೇ ಗುದ್ದಿಕೊಂಡರು. ಹಾಗಂತ ಹೆದರುವವರೆಲ್ಲ ಜಾಣರು ಎಂದೇನೂ ಅಲ್ಲ. ಆರನೇ ನಂಬರು ಪರದೆ ಹಾಕಿದರೂ ಅಷ್ಟೇ, ನಲವತ್ತು ನಿಮಿಷವೂ ಡಬ್ಬಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತಿತ್ತು.

ಎಂಬತ್ತೆರಡರಲ್ಲಿ ಆ ಬರಹ ಅಚ್ಚಾಯಿತು. ತಡೆಹಿಡಿದಿದ್ದ ಖಾಯಂ ಫೈಲು ಅದೇ ವರ್ಷ ಮತ್ತೆ ಮೇಜಿಗೆ ಬಂತು. ಈ ಸಲ ಶಿಫಾರಸು ಸಾಲದು, ಸಂದರ್ಶನ ಆಗಬೇಕಂತೆ. ಮುಜಫ್ಫರ್ ಬೆಳಗ್ಗೆ ಎದ್ದು ಅವಳ ಸೀರೆಗೆ ತಾನೇ ಇಸ್ತ್ರಿ ಹಾಕಿದ. ಅವನು ಮೂಟೆ ಹೊರುವುದನ್ನು ಪೂರ್ತಿ ಬಿಟ್ಟು ಆರು ತಿಂಗಳಾಗಿತ್ತು.

ಉದ್ದನೆಯ ಮೇಜು. ಆಚೆ ಬದಿಗೆ ಮೂವರು ಅಧಿಕಾರಿಗಳು, ತುದಿಯಲ್ಲಿ ವೀರಬಸಪ್ಪ. ಈಚೆ ಬದಿಗೆ ಒಂದೇ ಕುರ್ಚಿ. ಆರು ಕನ್ನಡಕದ ಗಾಜು ಅವಳ ಮುಖದ ಮೇಲೆ.

"ಹೆಸರೇನಮ್ಮಾ?" ಎಂದರು ನಡುವಿನವರು.

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ.

"ಎಷ್ಟ್ ವರ್ಷದಿಂದ ಇದೀರಿ ಇಲ್ಲಿ? ಹಕ್ಕಿಗಳಿಗೆ ಏನೇನ್ ಆಹಾರ ಕೊಡ್ತೀರಿ? ಹೇಳಿ, ಹೆದರ್ಬೇಡಿ." ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. "ಏನ್ರೀ ವೀರಬಸಪ್ಪ, ಇವರು ತಮ್ಮ ಹೆಸರೇ ಹೇಳಲ್ವಲ್ರೀ. ಇಂಥವರ ಕೈಲಿ ಹಕ್ಕಿಗಳ ಜವಾಬ್ದಾರಿ ಕೊಡೋದ್ ಹ್ಯಾಗೆ?"

ನಡುವಿನವರ ಪೆನ್ನು ಹಾಳೆಯ ಕಡೆ ಇಳಿಯಿತು. ಕುಬ್ರಾಬಿ ಆ ಪೆನ್ನನ್ನೇ ನೋಡಿದಳು. ಅದು ಏನು ಬರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆ ಬರೆಸಿಕೊಂಡವಳು.

"ಒಂದ ನಿಮಿಷ ತಡೀರಿ ಸಾಹೇಬ್ರ" ಎಂದರು ವೀರಬಸಪ್ಪ. ಎದ್ದು, ಮೇಜು ಸುತ್ತಿ ಬಂದು, ಅವಳ ಪಕ್ಕದ ಕಿಟಕಿಯ ಹತ್ತಿರ ಹೋಗಿ, ಅವಳಿಗೆ ಬೆನ್ನು ಹಾಕಿ ನಿಂತರು. ಹೊರಗಿನ ಹೊಲ ನೋಡುತ್ತ, ಯಾರಿಗೋ ಹೇಳಿದ ಹಾಗೆ, ಮೆಲ್ಲಗೆ ಕೇಳಿದರು. "ಕುಬ್ರಾಬಿ, ಹದಿನಾಲ್ಕು ಇವತ್ತ ಹೆಂಗೈತ್ರಿ?"

ಮತ್ತೆ ತಿರುಗಲಿಲ್ಲ. ಅವಸರ ಮಾಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೇ ಇದ್ದರು. ಅವರ ಒಂದು ಅಂಗೈ ಅವಳ ಕಡೆಗೆ ತೆರೆದಿತ್ತು. ಕುಬ್ರಾಬಿ ಅದನ್ನು ನೋಡಿದಳು. ಕಣ್ಣು ತುಂಬಿ ಬಂತು. ಮನಸ್ಸಿನಲ್ಲೇ ಶುರು ಮಾಡಿದಳು. ಹದಿಮೂರೊಂದ್ಲಿ ಹದಿಮೂರು, ಹದಿಮೂರೆರಡ್ಲಿ ಇಪ್ಪತ್ತಾರು, ಹದಿಮೂರ್‍ಮೂರ್‍ಲಿ ಮೂವತ್ತೊಂಬತ್ತು. ಹದಿಮೂರಾರ್‍ಲಿ ಎಪ್ಪತ್ತೆಂಟಕ್ಕೆ ಬಂದಾಗ ಬಾಯಿ ತಾನಾಗಿ ತೆರೆಯಿತು.

"ಚೆನ್ನಾಗಿದೆ ಸಾರ್. ಎಡಗಡೆ ರೆಕ್ಕೆ ಗರಿ ಉದುರ್ತಾ ಇದೆ, ಅದಕ್ಕೆ ಮೊಟ್ಟೆ ಸ್ವಲ್ಪ ಜಾಸ್ತಿ ಹಾಕಿದೀನಿ. ಒಂಬತ್ತು ನಿನ್ನೆಯಿಂದ ನೀರು ಕಡಿಮೆ ಕುಡೀತಿದೆ. ಮೂರನೇ ನಂಬರ್ ಎಲ್ರ ತಟ್ಟೆಗೂ ಬಾಯಿ ಹಾಕತ್ತೆ, ಅದನ್ನ ಬೇರೆ ಗೂಡಿಗೆ ಹಾಕ್ಬೇಕು..."

ಇಪ್ಪತ್ತೆಂಟು ಹಕ್ಕಿಗಳ ಊಟ, ನಿದ್ದೆ, ಕಾಯಿಲೆ, ಜಗಳ, ಹಟ ಎಲ್ಲವೂ ಒಂದೊಂದಾಗಿ ಹೊರಬಂದವು. ಅಧಿಕಾರಿಗಳ ಟೀ ಆರಿಹೋಯಿತು. ವೀರಬಸಪ್ಪ ಯಾವಾಗ ತಿರುಗಿ ತಮ್ಮ ಕುರ್ಚಿಗೆ ಬಂದು ಕೂತರೋ ಅವಳಿಗೆ ತಿಳಿಯಲೇ ಇಲ್ಲ.

"ಹಾಗಾದ್ರೆ ಅವುಗಳಲ್ಲಿ ಯಾವುದಮ್ಮಾ ಬುದ್ಧಿವಂತ ಹಕ್ಕಿ?" ಎಂದು ನಡುವಿನವರು ನಗುತ್ತ ಕೇಳಿದರು.

ಕುಬ್ರಾಬಿ ಅವರ ಮುಖ ನೋಡಿದಳು. "ಯಾರಿಗೆ ಏನ್ ಭಯ ಅಂತ ತಿಳ್ಕೊಂಡ್ರೆ ಎಲ್ಲಾನೂ ಬುದ್ಧಿವಂತವೇ ಸಾರ್" ಎಂದಳು. ಆಮೇಲೆ ಸುಳ್ಳು ಹೇಳಬಾರದಲ್ಲ ಎಂದು, "ಆರನೇ ನಂಬರ್ ಒಂದ್ ಬಿಟ್ಟು" ಎಂದು ಸೇರಿಸಿದಳು.

ಮೂವರೂ ನಕ್ಕರು. ಪೆನ್ನು ಹಾಳೆಯ ಮೇಲೆ ಓಡಿತು. ಈ ಸಲ ಬರೆದದ್ದು ಬೇರೆ. ಮುಂದಿನ ತಿಂಗಳು ಖಾಯಂ ಆದೇಶ ಬಂತು. ಮುನಿಶಾಮಿ ಆ ಕಾಗದವನ್ನು ಆಫೀಸಿನಿಂದ ಶೆಡ್ಡಿನ ತನಕ ಎರಡು ಕೈಯಲ್ಲಿ ಹಿಡಿದುಕೊಂಡು ಬಂದ.

ವೀರಬಸಪ್ಪ ಶೆಡ್ಡಿನ ರಿಜಿಸ್ಟರಿಗೆ ಒಂದು ಹೊಸ ಗೆರೆ ಎಳೆದು ಮೇಲೆ 'ಅಂಗೈ' ಎಂದು ಬರೆದರು. ಪರೀಕ್ಷೆ ಮುಗಿದ ಮೇಲೆ, ಬೆಳಗ್ಗೆ ಒಂಬತ್ತಕ್ಕೆ, ಯಾವ ಹಕ್ಕಿಗೆ ಎಷ್ಟು ಎಂದು ಕುಬ್ರಾಬಿ ತನ್ನ ಕೈಯಲ್ಲೇ ಅಲ್ಲಿ ತುಂಬಿಸಬೇಕು. ಅವಳು ಗೂಡಿನೊಳಗೆ ಹೋಗಿ, ಬೆನ್ನು ಹಾಕಿ ಕೂತು, ಕೈ ಹಿಂದಕ್ಕೆ ಚಾಚುತ್ತಾಳೆ. ಹದಿನಾಲ್ಕು ಹತ್ತಿರವೇ ಓಡಾಡುತ್ತಿದ್ದರೂ ಅದಕ್ಕೆ ಆಮೇಲೆ. ಮೊದಲ ಹಿಡಿ, ಒಂದು ಪರೀಕ್ಷೆಯಲ್ಲೂ ಪಾಸಾಗದ ಆರನೇ ನಂಬರಿಗೆ.